ಗೇರುಬೀಜ ಕಂಪನಿಯ ಪ್ರಾಯಶ್ಚಿತ್ತ

ಕಂಪನಿಗಳೂ ಮನುಷ್ಯರೇ ಎಂದು ಕಾನೂನಾಗಿ, ಅವಕ್ಕೆ ಕೈಕಾಲು ಬಂದು ಓಡಾಡತೊಡಗಿದ ಮೇಲೆ, ವರ್ಷಕ್ಕೊಮ್ಮೆ ಇಗರ್ಜಿಗೆ ಬಂದು ತೆರಿಗೆಯ ಪಾಪ ಹೇಳಿಕೊಳ್ಳುವುದೂ ತಪ್ಪಲಿಲ್ಲ. ಕೇಳುವವರು ಪಾದ್ರಿಗಳಲ್ಲ. ದೇವರು ಬಡವರ ಪಕ್ಷವೆಂದು ಊರಿನ ಕಡುಬಡವರನ್ನೇ ಪಾಪ ಕೇಳುವ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಈ ಸಲ ಕೂತವಳು ಗೇರುಬೀಜ ಸುಲಿದು ಕೈ ಕಪ್ಪಾದ ಸೆವ್ರಿನ್ ಬಾಯಿ. ಎರಡು ಕಣ್ಣಿಗೂ ಪೊರೆ. ಮೊಮ್ಮಗಳ ಮದುವೆ ಮುಂದಿನ ತಿಂಗಳು.

ಗೇರುಬೀಜದ ಕಂಪನಿ ಪ್ಯಾಂಟಿನ ಇಸ್ತ್ರಿ ಕೆಡದಂತೆ ಮೊಣಕಾಲೂರಿತು.

"ಮೂರು ವರ್ಷದಿಂದ ತೆರಿಗೆ ಕಟ್ಟಿಲ್ಲ ಸೆವ್ರಿನ್ ಬಾಯಿ. ಆದರೆ ಇಗರ್ಜಿಗೆ ದೊಡ್ಡ ಗಂಟೆ ಕೊಟ್ಟಿದ್ದೇನೆ."

"ಗಂಟೆಗೆ ಪೊರೆ ತೆಗೀಲಿಕ್ಕೆ ಬರ್ತದಾ ಮಗಾ? ಸರಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರೇ ಇಲ್ಲ. ಸಂಬಳಕ್ಕೆ ದುಡ್ಡಿಲ್ಲವಂತೆ."

"ಅಷ್ಟೇ ತಾನೇ? ನಿಮ್ಮ ಆಪರೇಷನ್ ನಾಳೆಯೇ ನಾನು ಮಾಡಿಸ್ತೇನೆ. ಕ್ಷಮಿಸಿದ್ದೇನೆ ಅಂತ ಒಂದು ಮಾತು ಹೇಳಿಬಿಡಿ."

ಸೆವ್ರಿನ್ ಬಾಯಿಗೆ ಆಸೆಯಾಗದೆ ಇರಲಿಲ್ಲ. ಮದುಮಗಳ ಮುಖ ನೋಡಬೇಕೆಂದು ಅವಳು ಎಷ್ಟು ದಿನ ಹರಕೆ ಹೊತ್ತಿದ್ದಳು! ಆದರೂ ಕಪ್ಪಾದ ಕೈಯನ್ನು ಬೇಡವೆಂಬಂತೆ ಆಡಿಸಿದಳು.

"ಆಸ್ಪತ್ರೆ ಬೆಂಚಿನಲ್ಲಿ ನನ್ನ ಹಾಗಿನವರು ನಲವತ್ತು ಜನ ಉಂಟು. ನನಗೊಬ್ಬಳಿಗೆ ಕೊಟ್ಟರೆ ನಿನ್ನ ದೊಡ್ಡಸ್ತಿಕೆ, ತೆರಿಗೆ ಕಟ್ಟಿದರೆ ಅವರ ಹಕ್ಕು. ನಿನಗೆ ಪ್ರಾಯಶ್ಚಿತ್ತ ಇಷ್ಟೇ: ಡಾಕ್ಟರು ಬರುವವರೆಗೆ ಅದೇ ಬೆಂಚಿನ ತುದಿಯಲ್ಲಿ ಕೂತ್ಕೋ."

ಮರುದಿನ ಎಂಟಕ್ಕೇ ಕಂಪನಿ ಹೋಗಿ ಕೂತಿತು. "ಎಷ್ಟು ಹೊತ್ತಾಗ್ತದೆ?" ಎಂದು ಪಕ್ಕದ ಮುದುಕನನ್ನು ಕೇಳಿತು.

ಮುದುಕ ಎಲೆಗೆ ಸುಣ್ಣ ಹಚ್ಚುತ್ತ, "ನಾನು ಬರ್ಲಿಕ್ಕೆ ಶುರುಮಾಡಿ ಎರಡು ವರ್ಷ ಆಯ್ತು" ಎಂದ.

ಹತ್ತೂವರೆಗೆಲ್ಲ ಕಂಪನಿ, ತೆರಿಗೆ ಕಚೇರಿ ಎಲ್ಲಿದೆ ಎಂದು ದಾರಿಯಲ್ಲಿ ಸಿಕ್ಕಸಿಕ್ಕವರನ್ನು ಕೇಳುತ್ತ ಓಡುತ್ತಿತ್ತು.