ಎರಡನೇ ಭಾಗ ಮರೆಸಿಕೊಡಿ

ಇಂದುಮತಿ ಆ ದಪ್ಪ ಕಾದಂಬರಿಯನ್ನು ಗ್ರಂಥಾಲಯದ ‘ಮರೆಸುವ ವಿಭಾಗ’ದ ಮೇಜಿನ ಮೇಲೆ ಕುಕ್ಕಿದಳು.

“ಥೂ! ಇದನ್ನ ನನ್ನ ತಲ್ಯಾಗಿಂದ ತಗದುಬಿಡ್ರಿ. ಮೊದಲನೇ ಭಾಗದಾಗ ಮಂಗಳ ಗ್ರಹದ ಗಣಿನ ಬಂದ್ ಮಾಡಿಸಿದ ಹುಡುಗಿ, ಇದರಾಗ ಇಬ್ಬರು ಹುಡುಗರೊಳಗ ಯಾರನ್ನ ಆರಿಸಲಿ ಅಂತ ಮುನ್ನೂರು ಪುಟ ಅಳಕೋತ ಕುಂತಾಳ. ಹೇಸಿಗಿ ಬಂದೈತಿ ನನಗ. ಮೊದಲನೇ ಭಾಗದ ರುಚಿನೂ ಕೆಟ್ಟು ಹೋತು.”

ಮೇಜಿನ ಹಿಂದಿದ್ದ ಗಂಗವ್ವ ಮರೆಸುವ ಯಂತ್ರದ ಟೋಪಿಯನ್ನು ಸೆರಗಿನಿಂದ ಒರೆಸಿ ಅವಳ ತಲೆಗಿಟ್ಟಳು. ಆಮೇಲೆ ಒಪ್ಪಿಗೆಯ ಪುಸ್ತಕ ತೆರೆದು, “ಇಲ್ಲೆ ಸಹಿ ಮಾಡ್ರಿ” ಎಂದಳು.

ಇಂದುಮತಿಯ ಪೆನ್ನು ನಿಂತಿತು. ಅದೇ ಹಾಳೆಯಲ್ಲಿ, ಅದೇ ಕಾದಂಬರಿಯ ಹೆಸರಿನ ಮುಂದೆ, ಅವಳದೇ ಸಹಿ ನಾಲ್ಕು ಸಲ ಇತ್ತು.

“ನಾಕ್ ಸಲ ಓದೀನೇನ್ರಿ ಇದನ್ನ? ಮೊದಲ ಹೇಳಬಾರದಾಗಿತ್ತ?”

“ಪ್ರತಿ ಸಲಾನೂ ಇದ ಮೇಜಿನ ಮುಂದ ಹೇಳೀನ್ರಿ. ಪುಸ್ತಕದ ಜೋಡಿ ಅದನ್ನೂ ಮರತು ಹೋಗ್ತೀರಿ. ತಿಂಗಳೊಳಗ ಬಂದು, ‘ಎರಡನೇ ಭಾಗ ಬಂದೈತೇನ್ರಿ?’ ಅಂತ ನಗಕೋತ ಕೇಳ್ತೀರಿ.”

ಇಂದುಮತಿ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಆ ಅಳುಬುರುಕಿಯನ್ನು ತಲೆಯಲ್ಲಿ ಹೊತ್ತುಕೊಂಡೇ ಮನೆಗೆ ನಡೆದಳು.