ಬಾಣಂತಿ ಮನೆಯ ತಂಪು

ಒಂದು ಫ್ಯಾನ್ ಅಂಗಡಿಯಿಂದ ಬೆಳೆದ ಜಪಾನಿನ ಮಿನಾಗಾವ ಕಂಪನಿ, ತನ್ನ ನಾನೂರನೆಯ ಊರಾದ ರಾಯಚೂರಿಗೆ ಕೊಳವೆಯಲ್ಲಿ ತಂಪು ಗಾಳಿ ಬಿಡತೊಡಗಿದಾಗ ನೀರುಗಂಟಿ ಹುಸೇನಪ್ಪ ಗಾಳಿಗಂಟಿಯಾದ. ಮನೆಮನೆಯ ವಾಲ್ವ್ ತಿರುಗಿಸಿ, ಅದಕ್ಕೆ ಬೆರಳು ತೋರಿಸಿ, "ತೆರೆದಿದೆ, ಸರಿ" ಎಂದು ಕೂಗಬೇಕು. ಕೂಗು ಒಸಾಕಾದ ಮುಖ್ಯ ಕಚೇರಿಯಲ್ಲಿ ಕೇಳುತ್ತದೆ. ಒಂದು ಸುಳ್ಳು ಕೂಗಿದರೂ ಕೆಲಸ ಹೋಗುತ್ತದೆ.

ಕೂಸು ಹುಟ್ಟಿದ ಮನೆಗೆ ದಿನವಿಡೀ ತಂಪು ಕೊಡಬೇಕೆಂಬುದು ಕಂಪನಿಯ ಹೊಸ ನಿಯಮ. ಓಣಿಯ ಮುದುಕಿ ಈರಮ್ಮನ ಮೊಮ್ಮಗಳು ಹಡೆದು ಐದು ದಿನವಾಗಿತ್ತು.

"ಬಾಣಂತಿ ಕೋಣಿಗೆ ತಣ್ಣನ ಗಾಳಿ ಬಿಡ್ತಾರೇನೋ? ನಿಮ್ಮವ್ವ ನಿನ್ನ ಹಡೆದಾಗ ಮಂಚದ ಕೆಳಗ ಕೆಂಡ ಇಟ್ಟಾಕಿ ನಾನು. ಬಂದ್ ಮಾಡು!" ಎಂದಳು ಈರಮ್ಮ.

"ಬಂದ್ ಮಾಡಿ ತೆರೆದಿದೆ ಅಂತ ಹ್ಯಾಂಗ ಕೂಗ್ಲಿ, ಆಯಿ? ಸುಳ್ಳಾಗ್ತದ."

"ಹಂಗಾದ್ರ ಕೂಸಿಗೆ ಥಂಡಿ ಆಗ್ಲೇನು?"

ಒಳಗೆ ಕೂಸು ಸೀನಿತು. ಹುಸೇನಪ್ಪ ನಿಯಮದ ಪುಸ್ತಕವನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಓದಿಕೊಂಡ. ಆಮೇಲೆ ವಾಲ್ವನ್ನು ಪೂರ್ತಿ ತಿರುಗಿಸಿ, ಬೆರಳು ತೋರಿಸಿ, "ತೆರೆದಿದೆ, ಸರಿ" ಎಂದು ಕೂಗಿದ. ಮುದುಕಿಯ ಮುಖ ಕಪ್ಪಿಟ್ಟಿತು.

ಅವನು ಹೆಗಲ ಮೇಲಿನ ಟವೆಲ್ ತೆಗೆದುಕೊಂಡು ಒಳಗೆ ಹೋಗಿ, ಗಾಳಿ ಬರುವ ಕಿಂಡಿಗೆ ಒತ್ತಿ ಒತ್ತಿ ತುರುಕಿದ.

"ಟವೆಲ್ ಬಗ್ಗೆ ಕೂಗಬೇಕಂತ ಪುಸ್ತಕದಾಗ ಎಲ್ಲೂ ಬರ್ದಿಲ್ಲ, ಆಯಿ."