ಮದ್ದು ಹಾಕಿದೆನಾ, ಅಕ್ಕ?

ಹೋಬರ್ಟ್ ಕೋವಿಮದ್ದು ತುಂಬಿದ ಕೊಂಬನ್ನು ಕೈಗೆತ್ತಿಕೊಳ್ಳುವುದಕ್ಕೂ ಕಾಡಿನೊಳಗೆ ಒಂದು ಹಕ್ಕಿ ಕೂಗುವುದಕ್ಕೂ ಸರಿಹೋಯಿತು. ಕೆಂಟಕಿಯ ಆ ಕಣಿವೆಯಿಂದ ಮಂಜು ಇನ್ನೂ ಎದ್ದಿರಲಿಲ್ಲ. ಹಕ್ಕಿ ಎಲ್ಲಿದೆಯೋ ಕಾಣದು, ದನಿ ಮಾತ್ರ ಮರದಿಂದ ಮರಕ್ಕೆ ಇಳಿದು ಬರುತ್ತಿತ್ತು.

"ಶುರು ಮಾಡಪ್ಪಾ. ನೀನು ಗುಂಡು ಹೊಡೆಯೋ ಹೊತ್ತಿಗೆ ಆ ಗುರಿ ಹಲಗೇನ ಗೆದ್ದಲು ತಿಂದು ಮುಗಿಸಿರುತ್ತೆ," ಎಂದಳು ಬೇಲಿಗೊರಗಿ ನಿಂತಿದ್ದ ಅಕ್ಕ ಲೆಥಾ. ಎಪ್ಪತ್ತರ ತಮ್ಮನಿಗಿಂತ ಅವಳು ಐದಾರು ವರ್ಷ ದೊಡ್ಡವಳು.

ಚಳಿಗಾಲವಿಡೀ ಅವಳ ಅಡುಗೆಮನೆಯ ಮೇಜು ಅವಳದಾಗಿರಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದ ಕೇಪಿನ ಕೋವಿ ಅಲ್ಲಿ ಹರಡಿಕೊಂಡಿತ್ತು. ನಳಿಗೆ, ಕೇಪಿಗೆ ಬಡಿಯುವ ಕುದುರೆ, ಹಿತ್ತಾಳೆಯ ತುಂಡುಗಳು, ಒರಟಾಗಿ ಕೆತ್ತಿದ ಮೇಪಲ್ ಮರದ ಹಿಡಿ. ನಳಿಗೆ ಹಿಡಿಯೊಳಗೆ ಸರಿಯಾಗಿ ಕೂರಲೆಂದು ಹೋಬರ್ಟ್ ಅದಕ್ಕೆ ದೀಪದ ಮಸಿ ಬಳಿದು ಮರದ ಮೇಲೆ ಒತ್ತುವುದು, ಮಸಿ ಹತ್ತಿದ ಕಡೆ ಕೂದಲೆಳೆಯಷ್ಟು ಕೆತ್ತುವುದು, ಮತ್ತೆ ಒತ್ತುವುದು. ಜೋಳದ ರೊಟ್ಟಿಯಲ್ಲೂ ಮರದ ಪುಡಿ. ಬೆಳಗ್ಗೆ ಕೆತ್ತಿದ್ದು ಸಂಜೆಗೆ ಅವನಿಗೆ ನೆನಪಿರುತ್ತಿರಲಿಲ್ಲ. ಆ ಕಡೆ ಆಯಿತು, ಈ ಕಡೆ ಕೆತ್ತು ಎಂದು ಲೆಥಾ ಹೇಳಬೇಕಿತ್ತು. ಅವನ ಮರೆವು ಕಂಡ ಡಾಕ್ಟರು ಕೋವಿ ಮುಟ್ಟಲೇಬಾರದು ಎಂದಿದ್ದರು. ನನ್ನ ನೆನಪು ಗಟ್ಟಿಯಾಗಿದೆ, ಪಕ್ಕದಲ್ಲಿ ನಾನು ನಿಂತಿರುತ್ತೇನೆ ಎಂದು ವಾದಿಸಿ ಅವರನ್ನು ಒಪ್ಪಿಸಿದವಳು ಇವಳೇ. ಮನೆಗೆ ಬಂದ ಮೇಲೆ ತಮ್ಮನಿಗೆ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದಳು: ಒಂದೇ ಒಂದು ತಪ್ಪಾದರೂ ಕೋವಿ ಗೋಡೆಯ ಮೊಳೆಗೆ, ಮತ್ತೆ ಇಳಿಸುವಂತಿಲ್ಲ.

ಹಕ್ಕಿ ಇನ್ನೊಮ್ಮೆ ಕೂಗಿತು. ಹೋಬರ್ಟನ ಕಣ್ಣೆದುರು ಹಲಗೆಯಿರಲಿಲ್ಲ, ಬೇಲಿಯೂ ಇರಲಿಲ್ಲ. ಬಾಲ್ಯದ ಲಾರೆಲ್ ಹಳ್ಳ ಹರಿಯುತ್ತಿತ್ತು. ತಳದ ಕಲ್ಲು ಒಂದೊಂದೂ ಕಾಣುವಷ್ಟು ತಿಳಿನೀರು. ಅವನು ಅದರ ಮೇಲೆ ತೇಲಿಕೊಂಡು ಹೋಗುತ್ತಿದ್ದ, ಕಾಲಿಗೆ ತಣ್ಣಗೂ ಆಗುತ್ತಿರಲಿಲ್ಲ. ಎಲ್ಲೋ ಅಮ್ಮ ಹಂದಿಗಳನ್ನು ಕರೆಯುತ್ತಿದ್ದಳು. ಎಷ್ಟು ಸುಖವಾಗಿತ್ತೆಂದರೆ ಅಲ್ಲಿಂದ ಹಿಂದಿರುಗುವ ಮನಸ್ಸೇ ಅವನಿಗೆ ಇರಲಿಲ್ಲ.

ಹಿಂದಿರುಗಿದಾಗ ಗುಂಡು ನಳಿಗೆಯ ತಳ ಸೇರಿಯಾಗಿತ್ತು, ಅದನ್ನು ತಳ್ಳಿದ ಗಜದ ಕೋಲು ಕೈಯಲ್ಲಿತ್ತು. ಗುಂಡಿಗೂ ಮೊದಲು ಮದ್ದು ಸುರಿಯಬೇಕು. ಸುರಿದೆನೇ? ಎಷ್ಟು ತಡಕಾಡಿದರೂ ನೆನಪಾಗಲಿಲ್ಲ.

"ಅಕ್ಕ, ಮದ್ದು ಹಾಕಿದೆನಾ?"

"ಹಾಕಿದೀಯಲ್ಲೋ."

"ನೋಡಿದ್ಯಾ?"

"ಮತ್ತೆ ನಾನಿಲ್ಲಿ ಕಡ್ಲೆಕಾಯಿ ತಿಂತಾ ನಿಂತಿದ್ದೀನಾ? ಹಾಕಿದೀಯ, ಹೊಡಿ."

ಅಕ್ಕ ಹೇಳಿದ ಮೇಲೆ ಮುಗಿಯಿತು. ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಕುದುರೆ ಎಳೆದು, ತಾನೇ ಉಜ್ಜಿ ನುಣುಪಾಗಿಸಿದ ಮರಕ್ಕೆ ಕೆನ್ನೆಯಿಟ್ಟ. ಹಲಗೆಯ ಮೇಲೆ ಇದ್ದಿಲಲ್ಲಿ ಎಳೆದ ಗೆರೆ ಮಂಜಿನಲ್ಲಿ ಮಸುಕಾಗಿ ಕಂಡಿತು. ಟ್ರಿಗರ್ ಒತ್ತಿದ.

ಟಪ್ ಎಂದು ಕೇಪು ಸಿಡಿಯಿತು, ಅಷ್ಟೇ. ತಡವಾಗಿಯಾದರೂ ಹಾರೀತೆಂದು ಕೋವಿಯನ್ನು ಸ್ವಲ್ಪ ಹೊತ್ತು ಹಲಗೆಯ ಕಡೆಗೇ ಹಿಡಿದಿದ್ದ. ಏನೂ ಆಗಲಿಲ್ಲ; ಒಳಗೆ ಮದ್ದೇ ಬಿದ್ದಿರಲಿಲ್ಲ. ಒಂದು ಚಳಿಗಾಲದ ಕೆಲಸ ಹೀಗೆ ಮುಗಿಯಿತಲ್ಲ ಎಂದು ಅವನಿಗೆ ಅಳುವೇ ಬಂತು.

"ನಡಿ, ಮೊಳೆಗೆ ತಗಲಾಕೋಣ," ಎಂದ. "ತಪ್ಪು ನಂದೇ."

ಲೆಥಾ ಬೇಲಿ ಬಿಟ್ಟು ಕದಲಲಿಲ್ಲ. "ನಾನು ನೋಡಿರ್ಲಿಲ್ಲ ಕಣೋ."

"ಹಾಕಿದೀಯ ಅಂದ್ಯಲ್ಲ."

"ಹಕ್ಕಿ ಕೂಗ್ತು. ಆಮೇಲೆ ನೋಡಿದ್ರೆ ನಿನ್ನ ಕೈಲಿ ಗಜ ಇತ್ತು. ನಡುವೆ ಏನಾಯ್ತೋ ನಂಗೆ ಗೊತ್ತೇ ಇಲ್ಲ." ಕೋವಿಯ ಕಡೆ ನೋಡುತ್ತಾ ಹೇಳಿದಳು, "ನೀನು ಕೇಳಿ, ನಾನೂ ಗೊತ್ತಿಲ್ಲ ಅಂದ್ಬಿಟ್ರೆ... ಹೆದರಿಕೆ ಆಯ್ತು."

ಹೋಬರ್ಟನಿಗೆ ಸಿಟ್ಟು ಬರಲಿಲ್ಲ. ಕೋವಿಯನ್ನು ಬೇಲಿಗೆ ಒರಗಿಸಿ ಅವಳ ಪಕ್ಕ ನಿಂತ. ಮಂಜು ಇಬ್ಬರ ಮೊಣಕಾಲವರೆಗೂ ಬಂದಿತ್ತು.

"ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದ.

"ಇನ್ನೆಲ್ಲಿಗೆ, ಲಾರೆಲ್ ಹಳ್ಳಕ್ಕೆ. ಅಮ್ಮ ಹಂದಿ ಕರೀತಿದ್ಲು."

"ನಾನೂ ಅಲ್ಲೇ ಇದ್ದೆ," ಎಂದ ಹೋಬರ್ಟ್. "ನೀರು, ಕಲ್ಲು ಎಲ್ಲಾ ಕಾಣ್ತಿತ್ತು. ನೀನು ಮಾತ್ರ ಎಲ್ಲೂ ಕಾಣ್ಲಿಲ್ಲ."

"ಹೇಗೆ ಕಾಣ್ತೀನಿ," ಎಂದಳು ಅಕ್ಕ. "ನೀನು ನನ್ನ ಬೆನ್ನ ಮೇಲಿದ್ದೆ."